ಒರೆಸಿದರೆ ಹೋಗದ ಚುಕ್ಕೆಗಳು

ಏನು ಹೇಳಬೇಕೆಂದು ತೋಚದಿದ್ದಾಗ ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತೇನೆ. ಹೆಡ್‌ಮಾಸ್ತರು ಗದರಿದಾಗ, ಕಣ್ಣೆದುರಿಗೇ ಬಸ್ಸು ಹೊರಟುಹೋದಾಗ, ಸಾರಿಗೆ ಉಪ್ಪು ಜಾಸ್ತಿಯಾಗಿ ಊಟಕ್ಕೆ ಕೂತವರು ಮೌನವಾದಾಗ, ಎಲ್ಲಕ್ಕೂ ಅದೇ ಉತ್ತರ. ದೂರದ್ದು ಕಾಣದವರಿಗೆ ಇದೊಂದು ಸೌಕರ್ಯ. ಲೋಕದಲ್ಲಿ ಏನೋ ಸರಿಯಿಲ್ಲವೆನಿಸಿದರೆ ಮೊದಲು ಗಾಜಿನ ಮೇಲೆ ಅನುಮಾನಪಡಬಹುದು.

ಹಾರನಹಳ್ಳಿಯ ನಮ್ಮ ಮನೆಯಲ್ಲಿ ಮೊದಲು ಬಿ.ಎ. ಪಾಸು ಮಾಡಿದವಳು ನಾನು. ಮೊದಲು ಕನ್ನಡಕ ಹಾಕಿದವಳೂ ನಾನೇ. ಊರಿನವರ ಲೆಕ್ಕದಲ್ಲಿ ಇವೆರಡೂ ಒಂದೇ ಸಂಗತಿ. "ಓದಿ ಓದಿ ಕಣ್ಣು ಕಳ್ಕೊಂಡ್ಲು ಕಣಮ್ಮ" ಎಂದು ನೀರಿನ ತೊಂಬೆಯ ಹತ್ತಿರ ಹೇಳುತ್ತಿದ್ದರು. ನನ್ನ ಅವ್ವನೂ ಅದನ್ನೇ ನಂಬಿದ್ದಳು. ನಾನು ಪುಸ್ತಕ ಹಿಡಿದರೆ ಸಾಕು, "ಇರೋದೊಂದಿಷ್ಟಾದ್ರೂ ಉಳಿಸ್ಕಳೇ" ಎನ್ನುವಳು. ತನ್ನ ಕಣ್ಣಿನ ಬಗ್ಗೆ ಅವಳಿಗೆ ವಿಪರೀತ ಹೆಮ್ಮೆ. ಅರವತ್ತು ದಾಟಿದ ಮೇಲೂ ಸೂಜಿಗೆ ದಾರ ಪೋಣಿಸುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳ ವಾರಗೆಯ ಹೆಂಗಸರೆಲ್ಲ ಮೊಮ್ಮಕ್ಕಳ ಕೈಗೆ ಸೂಜಿ ಕೊಡುತ್ತಿದ್ದ ಕಾಲ ಅದು. ನಾನೋ ಡಿಗ್ರಿಯನ್ನೂ ಕನ್ನಡಕವನ್ನೂ ಒಟ್ಟಿಗೇ ಹೊತ್ತು ತಿರುಗಿದೆ. ಕನ್ನಡಕದ ಗಾಜು ದಪ್ಪವಾದಂತೆಲ್ಲ ಓದು ಆಳವಾಯಿತೆಂದು ಒಳಗೊಳಗೇ ಬೀಗಿದ್ದೂ ಉಂಟು. ಸ್ಕೂಲಿನ ಮಕ್ಕಳು ಅದಕ್ಕೆ ಇಟ್ಟ ಹೆಸರು ಸೋಡಾಬುಡ್ಡಿ.

ಅರಸೀಕೆರೆಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಬಲಗಣ್ಣಿನ ಅಂಚಿನಲ್ಲಿ ಫಳಕ್ಕೆಂದು ಬೆಳಕು ಹೊಡೆಯಿತು. ಸ್ವಲ್ಪ ಹೊತ್ತಿಗೆ ಮತ್ತೆ. ಕಿಟಕಿ ಪಕ್ಕದ ಹುಡುಗಿಯರದೇ ಕಿತಾಪತಿ ಎಂದು ತೀರ್ಮಾನಿಸಿ ಗುಡುಗಿದೆ: "ಯಾರ್ರೇ ಅದು, ಊಟದ ಡಬ್ಬಿ ಮುಚ್ಚಳದಲ್ಲಿ ಬಿಸಿಲು ಹೊಡೀತಿರೋದು?"

ಒಬ್ಬಳು ಮೆಲ್ಲಗೆ ಎದ್ದು, "ಮಿಸ್, ಇವತ್ತು ಬಿಸ್ಲೇ ಇಲ್ಲ" ಎಂದಳು.

ಹೊರಗೆ ಮೋಡ ಕವಿದಿತ್ತು. ನಾನು ಕನ್ನಡಕ ತೆಗೆದು ಒರೆಸಿದೆ.

ಮಧ್ಯಾಹ್ನದ ಹೊತ್ತಿಗೆ ಕಣ್ಣ ಮುಂದೆ ಒಂದು ಹಿಡಿ ರಾಗಿ ಎರಚಿದಂತೆ ಕಪ್ಪು ಚುಕ್ಕೆಗಳು. ಒಂದೆರಡು ಎಳೆಗಳು ಹಿಂದಿನಿಂದಲೂ ತೇಲಾಡುತ್ತಿದ್ದವು; ಅವು ಹಳೆಯ ನೆಂಟರು, ಬಂದು ಹೋಗುವವು. ಇವು ಹಾಗಲ್ಲ, ಏಕಾಏಕಿ ದಂಡು ಕಟ್ಟಿಕೊಂಡು ಬಂದವು. ಗಾಜು ಒರೆಸಿದೆ, ಹೋಗಲಿಲ್ಲ. ಕನ್ನಡಕವನ್ನೇ ತೆಗೆದೆ, ಆಗಲೂ ಹೋಗಲಿಲ್ಲ. ತಪ್ಪು ಗಾಜಿನದಲ್ಲವೆಂದು ತಿಳಿಯಲು ಇನ್ನೇನು ಬೇಕಿತ್ತು? ಆದರೂ ಯಾರಿಗೂ ಹೇಳಲಿಲ್ಲ. ನೋವಿರಲಿಲ್ಲ, ಕೆಂಪಾಗಿರಲಿಲ್ಲ. ನಂಬರು ಬದಲಾಗಿರಬೇಕು, ರಜೆಯಲ್ಲಿ ತೋರಿಸಿದರಾಯಿತು ಎಂದುಕೊಂಡೆ. ನಿಜವಾದ ಕಾರಣ ಬೇರೆಯೇ ಇತ್ತು. ಕಣ್ಣಿಗೆ ಏನೋ ಆಗಿದೆ ಎಂದರೆ ತೊಂಬೆಯ ಹತ್ತಿರದ ಮಾತು ಗೆದ್ದಂತೆ. ಅಷ್ಟು ಕಷ್ಟಪಟ್ಟು ಗಳಿಸಿದ ಓದನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ.

ಗುಟ್ಟು ಬಯಲಾದದ್ದು ಮಾರನೆಯ ದಿನ ಊಟ ಬಡಿಸುವಾಗ. ನಾನು ಮತ್ತೆ ಮತ್ತೆ ಕೈ ಬೀಸುವುದನ್ನು ನೋಡಿ ನನ್ನ ಯಜಮಾನರು, "ಏನೇ ಅದು, ಅನ್ನದ ಮೇಲೆ ಮಂತ್ರ ಹಾಕ್ತಿದೀಯಾ?" ಎಂದರು.

"ನೊಣ ಕಣ್ರೀ."

"ಎಲ್ಲಿದೆ ನೊಣ?"

ಅವರು ಕೈ ತೊಳೆದವರೇ ನನ್ನನ್ನು ಹಾಸನದ ಬಸ್ಸಿಗೆ ಹತ್ತಿಸಿದರು.

ಅಲ್ಲಿನ ಕಣ್ಣಿನ ಡಾಕ್ಟರಮ್ಮ ಹನಿ ಹಾಕಿ, ಪಾಪೆ ಅಗಲವಾಗುವವರೆಗೆ ಕೂರಿಸಿ, ಬಹಳ ಹೊತ್ತು ಒಳಗೆ ಬೆಳಕು ಬಿಟ್ಟು ನೋಡಿದರು. ನಮ್ಮಂಥವರ ಕಣ್ಣುಗುಡ್ಡೆ ಉದ್ದಕ್ಕೆ ಎಳೆದಂತಿರುತ್ತದಂತೆ, ಒಳಗಿನ ಪರದೆ ತೆಳುವಾಗಿ ಸುಲಭಕ್ಕೆ ಹರಿಯುತ್ತದಂತೆ. ನನ್ನದು ಹರಿದಿತ್ತು. ಕಳಚಿಕೊಂಡಿರಲಿಲ್ಲ.

"ಮಿಂಚು ಬಂತು, ಚುಕ್ಕೆ ಬಂತು. ಇನ್ನು ಪಕ್ಕದಿಂದ ಕಪ್ಪು ತೆರೆ ಇಳಿಯೋವರೆಗೂ ಕಾಯ್ತಿದ್ರಾ?" ಎಂದರು. "ನೋವಿಲ್ಲ ಅಂತ ಸುಮ್ಮನಿರಬಾರದು ಮೇಡಂ. ಆ ಪರದೆಗೆ ನೋವೇ ಗೊತ್ತಾಗಲ್ಲ. ಅವತ್ತಿನ ದಿನವೇ ಬರಬೇಕಿತ್ತು."

ಕನ್ನಡಕ ಒರೆಸೋಣವೆಂದರೆ ಅದು ಅವರ ಮೇಜಿನ ಮೇಲಿತ್ತು.

"ನಿಮ್ಮ ಮನೇಲಿ ಬೇರೆ ಯಾರಿಗೆ ದೂರದ್ದು ಕಾಣಲ್ಲ?"

"ಯಾರೂ ಇಲ್ಲ ಡಾಕ್ಟ್ರೇ. ನಮ್ಮನೇಲಿ ಓದಿದವಳು ನಾನೊಬ್ಬಳೇ."

ಅವರು ನಕ್ಕರು. "ಓದದವರ ಕಣ್ಣನ್ನ ಯಾರು ಪರೀಕ್ಷೆ ಮಾಡಿದ್ದಾರೆ ಹೇಳಿ?"

ಬೆಂಗಳೂರಿಗೆ ಕಳಿಸಿದರು. ಅಲ್ಲಿ ಲೇಸರ್ ಬೆಳಕಿನಿಂದ ಹರಕಿನ ಸುತ್ತ ಬೆಸುಗೆ ಹಾಕಿದಂತೆ ಮಾಡಿದರು. ಕಣ್ಣು ಉಳಿಯಿತು. ಚುಕ್ಕೆಗಳಲ್ಲಿ ಕೆಲವು ಇವತ್ತಿಗೂ ಇವೆ, ಈಗ ಅವೂ ನೆಂಟರೇ. ಹೊಸಬರು ಬಂದರೆ ಮಾತ್ರ ನಾನು ಬಾಗಿಲಲ್ಲೇ ತಡೆದು ವಿಚಾರಿಸುತ್ತೇನೆ.

ಆದರೆ ಡಾಕ್ಟರಮ್ಮನ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನೋಡಲು ಬಂದ ಅವ್ವ ಬಾಗಿಲಲ್ಲಿ ನಿಂತು, ಮಂಚದ ಮೇಲಿದ್ದ ದಿಂಬಿನ ರಾಶಿಗೆ "ಹೆಂಗಿದೀಯೇ ಮಗ?" ಎಂದು ಕೇಳಿದಳು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಆಗ ಒಂದೊಂದೇ ನೆನಪಾಯಿತು. ಬಸ್ಸು ತೀರಾ ಹತ್ತಿರ ಬರುವವರೆಗೂ ಕೈ ಅಡ್ಡ ಮಾಡದವಳು. ಎದುರಿಗೆ ಬಂದವರನ್ನು ಮಾತಾಡಿಸುವುದಿಲ್ಲವೆಂದು ಊರಲ್ಲಿ ಜಂಬದವಳೆನ್ನಿಸಿಕೊಂಡವಳು. ಇಳಿವಯಸ್ಸಿನಲ್ಲೂ ಸೂಜಿ ಪೋಣಿಸುತ್ತಿದ್ದಳಲ್ಲ, ಅದೂ ಇದರದೇ ಗುರುತಂತೆ. ಹತ್ತಿರದ್ದಷ್ಟೇ ಕಾಣುವ ಕಣ್ಣಿಗೆ ವಯಸ್ಸಾದರೂ ಹತ್ತಿರದ್ದು ಕಾಣುತ್ತದೆ. ನಾವು ಹೊಗಳಿದ್ದು ಕಾಯಿಲೆಯನ್ನು.

ಜಗಳವಾಡಿ ಪರೀಕ್ಷೆ ಮಾಡಿಸಿ ಅವ್ವನಿಗೂ ಒಂದು ಕನ್ನಡಕ ಕೊಡಿಸಿದೆ. ಅವಳ ತವರು ಹಳೇಬೀಡಿನ ಹತ್ತಿರದ ಮಾದಿಹಳ್ಳಿ. ಅಲ್ಲಿಗೆ ಹೋದವರು ಹಾಗೇ ಬೇಲೂರಿಗೂ ಹೋದೆವು. ಅವ್ವ ಚಿಕ್ಕಂದಿನಿಂದ ಎಷ್ಟೋ ಸಲ ನೋಡಿದ ಗುಡಿ. ಬುಡದ ಆನೆ ಸಾಲನ್ನು ಕೈಯಾಡಿಸಿ ಸವರಿದಳು, ಅವು ಅವಳ ಗುರುತಿನವು. ಆಮೇಲೆ ತಲೆಯೆತ್ತಿದಳು. ಸೂರಿನ ಕೆಳಗೆ ಕನ್ನಡಿ ಹಿಡಿದವಳು, ಗಿಣಿ ಹಿಡಿದವಳು, ಕುಣಿಯುವವಳು.

"ಇವು ಯಾವಾಗ ಮಾಡಿದ್ರೇ?"

"ಮೊದ್ಲಿಂದಾನೂ ಅಲ್ಲೇ ಇದಾವೆ ಕಣವ್ವ."

ಬಹಳ ಹೊತ್ತು ಕುತ್ತಿಗೆ ಎತ್ತಿಯೇ ನಿಂತಿದ್ದಳು. ಕಂಬಗಳ ಮೇಲಿನ ಆ ಹೆಂಗಸರು ಅಷ್ಟೂ ವರ್ಷ ಅವಳ ಪಾಲಿಗೆ ಬರೀ ಮಬ್ಬು.

"ದೂರದ್ದು ಕಾಣಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತೇನವ್ವ?" ಎಂದೆ, ಸ್ವಲ್ಪ ಮೇಷ್ಟ್ರ ದನಿಯಲ್ಲೇ.

ಅವ್ವ ಹೊಸ ಕನ್ನಡಕದೊಳಗಿಂದ ನನ್ನನ್ನು ನೇರ ನೋಡಿದಳು. "ಎಲ್ಲಾರ್ಗೂ ಹಿಂಗೇ ಕಾಣ್ತದೆ ಅಂದ್ಕೊಂಡಿದ್ದೆ. ಕಾಣ್ದೇ ಇದ್ದುದ್ದ ಹೆಂಗೇ ಹೇಳ್ಲಿ? ನಿಂಗೆ ಮಿಂಚು ಕಂಡಿತ್ತಲ್ಲ, ಚುಕ್ಕೇನೂ ಕಂಡಿತ್ತು. ನೀನ್ಯಾಕೆ ಹೇಳ್ಲಿಲ್ಲ?"

ನಾನು ಕನ್ನಡಕ ತೆಗೆದು ಒರೆಸಿದೆ. ಗಾಜು ಶುಭ್ರವಾಗಿಯೇ ಇತ್ತು.