ರಾಚವ್ವನ ಜೋಳ, ರಾಜೀವಿಯ ಅಕ್ಕಿ

ಘಾಟ್ಕೋಪರ್ ಸ್ಟೇಶನ್ನಿನಿಂದ ಕೂಗಳತೆಯಲ್ಲಿದ್ದ ಆ ಚಾಳಿನಲ್ಲಿ ರಾಚವ್ವನ ಕಣ್ಣು ತಪ್ಪಿಸಿ ಒಂದು ಪೊಟ್ಟಣ ಭಜಿಯನ್ನೂ ಯಾರೂ ಮನೆಗೆ ಒಯ್ಯುವಂತಿರಲಿಲ್ಲ. ಎರಡನೆಯ ಮಾಳಿಗೆಯಲ್ಲಿ, ಮೆಟ್ಟಿಲು ಮುಗಿಯುವಲ್ಲಿಯೇ ಅವಳ ಖೋಲಿ. ಗ್ಯಾಲರಿಯಲ್ಲಿ ಕಾಲು ಚಾಚಿ ಕೂತು ಕಾಳು ಹಸನು ಮಾಡುತ್ತಿದ್ದವಳು ಎಣ್ಣೆ ಇಳಿದ ಕಾಗದ ಕಂಡರೆ ಸಾಕು, "ಏನೋ ಅದು? ಮನ್ಯಾಗ ಒಲಿ ಹೊತ್ತಿಲ್ಲೇನು?" ಎಂದು ಕೇಳಿಯೇ ಬಿಡುವಳು. ಚಾಳಿನ ಗುಜರಾತಿಗಳಿಗೆ, ಮರಾಠಿಗಳಿಗೆ ಅವಳ ವಿಜಾಪುರದ ಕನ್ನಡ ತಿಳಿಯುತ್ತಿರಲಿಲ್ಲ. ಬೈಯುತ್ತಿದ್ದಾಳೆ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು.

ಗಂಡ ಶಂಕ್ರೆಪ್ಪ ಮಸ್ಜಿದ್ ಬಂದರಿನ ಒಬ್ಬ ಬಟ್ಟೆ ವ್ಯಾಪಾರಿಯ ಗುಮಾಸ್ತ. ಬರುವ ಪಗಾರದಲ್ಲಿ ಮನೆ ನಡೆಯಬೇಕು, ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟ ಮದುವೆಯ ಖರ್ಚಿನ ಗಾಯ ಮಾಯಬೇಕು. ರಾಚವ್ವ ನಡೆಸಿದಳು. ಸಂಜೆ ಬಾಜಾರ ಮುಗಿಯುವ ಹೊತ್ತಿಗೆ ಹೋಗುವಳು; ಆ ಹೊತ್ತಿಗೆ ಸೊಪ್ಪು ಬಾಡಿರುವುದಿಲ್ಲ, ಮಾರುವವಳ ಹಟ ಬಾಡಿರುತ್ತದೆ. ಮೂಲಂಗಿ ತಂದರೆ ಗಡ್ಡೆ ಒಂದು ಹೊತ್ತಿಗೆ, ಎಲೆ ಇನ್ನೊಂದು ಹೊತ್ತಿಗೆ. ರೊಟ್ಟಿಗೆ ಹಿಟ್ಟು ತೆಗೆದಾಗಲೆಲ್ಲ ಅದರಲ್ಲಿ ಒಂದು ಹಿಡಿಯನ್ನು ಮರಳಿ ಗಡಿಗೆಗೆ ಹಾಕುವುದು ತವರಿನಿಂದ ಬಂದ ಪದ್ಧತಿ. ತಿಂಗಳ ಕೊನೆಯಲ್ಲಿ ಕೈ ಬಿಗಿಯಾದಾಗ ಆ ಗಡಿಗೆಯೇ ಮನೆ ಕಾಯುತ್ತಿತ್ತು. ಹಾಗೆಂದು ಅವಳು ಜಿಪುಣಿಯಲ್ಲ. ಮಜ್ಜಿಗೆ, ಶೇಂಗಾ ಚಟ್ನಿ, ದಪ್ಪ ಬೇಳೆ, ಇವಕ್ಕೆ ಎಂದೂ ಕೈ ಹಿಡಿದವಳಲ್ಲ.

"ಹೊಟ್ಟಿಗೆ ಕಡಿಮಿ ಮಾಡಿ ಉಳಿಸಿದ್ದು ಉಳಿತಾಯ ಅಲ್ಲರೀ. ಅದನ್ನ ನಾಳೆ ಡಾಕ್ಟರ್ ಬಂದು ಒಯ್ತಾನ," ಎನ್ನುವಳು ಗಂಡನಿಗೆ.

ಎಲ್ಲ ಬಲ್ಲೆ ಎನ್ನುವ ರಾಚವ್ವ ಒಮ್ಮೆ ಮಾತ್ರ ಚಾಳಿನ ಮುಂದೆ ಮುಗ್ಗರಿಸಿದಳು. ಅದು ರೇಷನ್ನಿನ ಕಾಲ. ಕಾರ್ಡಿಗೆ ಏನು ಬಂತೋ ಅದನ್ನೇ ತಿನ್ನಬೇಕು. ಜೋಳ ಬೇಕೆಂದವರ ಚೀಲಕ್ಕೆ ಅಕ್ಕಿ ಬೀಳುವುದು, ಅಕ್ಕಿ ಬೇಕೆಂದವರ ಚೀಲಕ್ಕೆ ಜೋಳ. ಒಂದು ವಾರ ಅವಳ ಪಾಲಿಗೆ ದಪ್ಪನೆಯ ಕೆಂಪು ಅಕ್ಕಿ ಬಂತು. ಅಕ್ಕಿಯೆಂದರೆ ಅವಳ ಮನೆಯಲ್ಲಿ ಹಬ್ಬಕ್ಕೆ, ಇಲ್ಲವೇ ಜಡ್ಡು ಬಂದಾಗ. ಅದೂ ಬೆಳ್ಳಗಿರಬೇಕು. ಚೀಲ ಬಿಚ್ಚಿದರೆ ಗಪ್ಪೆಂದು ಒಂದು ವಾಸನೆ. ರಾಚವ್ವನಿಗೆ ಸಿಟ್ಟು ನೆತ್ತಿಗೇರಿತು. ಸರಕಾರದವರು ಕೊಳೆತ ಅಕ್ಕಿ ಹಾಕಿದ್ದಾರೆಂದು ಗ್ಯಾಲರಿಯಲ್ಲಿ ನಿಂತು ಎಲ್ಲರಿಗೂ ಸಾರಿದಳು. ಚಾಳಿನ ಹಿಂದಿನ ತಬೇಲಾದ ಎಮ್ಮೆಗಾದರೂ ಆಗಲೆಂದು ಚೀಲ ಸೊಂಟಕ್ಕಿಟ್ಟು ಮೆಟ್ಟಿಲಿಳಿಯತೊಡಗಿದಳು.

ಆಗ ಪಕ್ಕದ ಖೋಲಿಯಿಂದ ಒಬ್ಬಳು ಓಡಿ ಬಂದಳು. ಹೊಸದಾಗಿ ಬಂದವಳು, ಚಿಕ್ಕ ವಯಸ್ಸು, ಹೆಸರು ರಾಜೀವಿ. ಉಡುಪಿಯ ಕಡೆಯವಳು. ಅವಳ ಗಂಡ ದೂಜ ಸ್ಟೇಶನ್ ಹತ್ತಿರದ ಹೋಟೆಲೊಂದರಲ್ಲಿ ದೋಸೆ, ಇಡ್ಲಿಗೆ ಹಿಟ್ಟು ಅರೆಯುವ ಕೆಲಸಕ್ಕಿದ್ದ. ಅಲ್ಲಿಯವರೆಗೆ ಯಾರೊಡನೆಯೂ ದನಿ ಎತ್ತಿ ಮಾತಾಡಿದವಳಲ್ಲ.

"ಅಯ್ಯೋ ಅಕ್ಕಾ, ಎಂತ ಮಾಡ್ತಿದ್ದೀರಿ? ಎಮ್ಮೆಗೆ ಹಾಕ್ಲಿಕ್ಕುಂಟಾ ಅದನ್ನು? ಅದು ಕುಚ್ಚಲಕ್ಕಿ ಮಾರಾಯ್ರೆ!"

"ವಾಸನಿ ನೋಡವ್ವ. ಮುಗ್ಗು ಹಿಡದೈತಿ."

"ಅದರ ವಾಸನೆಯೇ ಹಾಗೆ! ಭತ್ತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುದು. ನಮಗೆ ಆ ವಾಸನೆ ಬಂದ್ರೇ ಹಸಿವಾಗುದು." ಹುಡುಗಿ ತನ್ನ ಖೋಲಿಯ ಕಡೆ ಕೈ ಮಾಡಿ ಹೇಳಿದಳು, "ನಮಗೆ ಈ ಸರ್ತಿ ಜೋಳ ಹಾಕಿದ್ದಾರೆ ಅಕ್ಕ. ಎಂತ ಮಾಡುದೂಂತಲೇ ಗೊತ್ತಿಲ್ಲ. ಗಂಜಿ ಮಾಡಿದೆ. ಇವರಿಗೆ ಅಗಿದು ಅಗಿದು ದವಡೆ ನೋವು ಬಂತು."

ಇಡೀ ಜೋಳದ ಗಂಜಿ! ರಾಚವ್ವನಿಗೆ ತನ್ನ ಅವಮಾನ ಮರೆತೇ ಹೋಯಿತು. ಮೆಟ್ಟಿಲ ಮೇಲೆಯೇ ಕೂತು ನಕ್ಕಳು. ಆ ಹೊತ್ತಿಗೆ ಅಲ್ಲೇ ಚೀಲಗಳು ಕೈ ಬದಲಾದವು.

ಅಂದಿನಿಂದ ರೇಷನ್ ತಂದ ದಿನವೆಲ್ಲ ಇಬ್ಬರಿಗೂ ಸಣ್ಣ ಹಬ್ಬ. ಪಾವಿಗೆ ಪಾವು, ತಲೆ ಸವರಿ ಅಳೆದು, ಅಕ್ಕಿ ಅತ್ತ, ಜೋಳ ಇತ್ತ. ಆದರೆ ಈ ವ್ಯವಹಾರವೆಲ್ಲ ನಡೆಯುತ್ತಿದ್ದುದು ಎರಡು ಬಾಗಿಲುಗಳ ನಡುವಿನ ಗ್ಯಾಲರಿಯಲ್ಲಿ. ರಾಜೀವಿಯ ಮನೆಯಲ್ಲಿ ಮೀನು ಬೇಯುತ್ತಿತ್ತು. ರಾಚವ್ವ ಕೊರಳಲ್ಲಿ ಲಿಂಗ ಕಟ್ಟಿದವಳು. ಹಸಿ ಕಾಳು ದಾಟಬಹುದು, ಬೇಯಿಸಿದ್ದು ದಾಟಬಾರದು. ಹಾಗೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ. ರಾಜೀವಿ ತಾನಾಗಿ ರಾಚವ್ವನ ಹೊಸ್ತಿಲು ತುಳಿಯಲಿಲ್ಲ, ರಾಚವ್ವ ಅವಳ ಮನೆಯಲ್ಲಿ ಒಂದು ಗುಟುಕು ನೀರು ಕುಡಿಯಲಿಲ್ಲ.

ಆದರೂ ಗ್ಯಾಲರಿ ಇಬ್ಬರಿಗೂ ಸಾಕಾಗಿತ್ತು. ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋದಮೇಲೆ ಮೊರ ಹಿಡಿದು ಕೂತರೆ ಕಲ್ಲು ಆರಿಸುವುದು ನೆಪ, ಮಾತೇ ಕೆಲಸ. ಹೊರಗಿನ ಚಹಾ ಕುಡಿದು ಕುಡಿದು ಶಂಕ್ರೆಪ್ಪನಿಗೆ ಎದೆಯುರಿ ಹತ್ತಿದಾಗ, ತೆಳ್ಳಗೆ ಗಂಜಿ ಮಾಡಿ ಉಪ್ಪು ಹಾಕಿ ಕೊಡುವುದನ್ನು ಹೇಳಿಕೊಟ್ಟವಳು ರಾಜೀವಿ. ದೂಜ ಹೋಟೆಲಿನಲ್ಲಿ ಉಳಿದ ವಡೆಗಳನ್ನು ದಿನಾ ಕಟ್ಟಿಕೊಂಡು ಬಂದು, ಊಟದ ಖರ್ಚು ಉಳಿಯಿತೆಂದು ಬೀಗುತ್ತಿದ್ದಾಗ, ಅದನ್ನು ನಿಲ್ಲಿಸಿದವಳು ರಾಚವ್ವ.

"ಪುಕ್ಕಟೆ ಸಿಕ್ತಂತ ಹೊಟ್ಟಿಗೆ ಸುರುವೂದೇನು? ನಿನ್ನ ಗಂಡನ ಹೊಟ್ಟಿ ಮುನಸಿಪಾಲ್ಟಿ ಡಬ್ಬಿ ಐತೇನು? ಒಂದು ಸಿವಡು ಮೆಂತೆಪಲ್ಲೆ ತಗೋ, ಬ್ಯಾಳಿ ಹಾಕಿ ಕುದಿಸು. ಎಷ್ಟಾತು ಖರ್ಚು?"

ರಾಜೀವಿ ಬಾಯಿಗೆ ಸೆರಗು ಒತ್ತಿಕೊಂಡು ನಗುವಳು. ಆ ನಗು ಕೇಳಲೆಂದೇ ರಾಚವ್ವ ಇನ್ನೆರಡು ಬೈಗುಳ ಸೇರಿಸುವಳು. ಮಗಳು ಗಂಡನ ಮನೆಗೆ ಹೋದಮೇಲೆ ಆ ಖೋಲಿಯಲ್ಲಿ ಉಳಿದಿದ್ದ ಮೌನ ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅವಳಿಗೆ ಆ ಹುಡುಗಿಯ ಮೇಲೆ ಜೀವ. ಅದನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಅವಳಿಗೆ ಒಗ್ಗಿದ್ದಲ್ಲ.

ಐವತ್ನಾಲ್ಕನೆಯ ಇಸವಿಯಲ್ಲಿ ರೇಷನ್ನಿನ ಕಟ್ಟು ಹೋಯಿತು. ಜೋಳದ್ದು ಮೊದಲೇ ಸಡಿಲವಾಗಿತ್ತು, ಮಳೆಗಾಲ ಬರುವಷ್ಟರಲ್ಲಿ ಅಕ್ಕಿಯದೂ ಮುಗಿಯಿತು. ಬೇಕಾದವರು ಬೇಕಾದ್ದನ್ನು ಬೇಕಾದ ಅಂಗಡಿಯಲ್ಲಿ ಕೊಳ್ಳಬಹುದು. ಚಾಳಿನಲ್ಲಿ ಪೇಢೆ ಹಂಚಿದರು. ಅಂದು ಸಂಜೆ ರಾಜೀವಿ ಬಂದು ಗ್ಯಾಲರಿಯಲ್ಲಿ ನಿಂತು, "ಇನ್ನು ನಿಮಗೆ ನಮ್ಮ ಉಪದ್ರ ಇಲ್ಲ ರಾಚಕ್ಕ," ಎಂದಳು.

"ಹೂಂ. ಆತು ಬಿಡು," ಎಂದಳು ರಾಚವ್ವ.

ಬೇರೇನಾದರೂ ಹೇಳಬೇಕಿತ್ತು. ಏನೆಂದು ಹೊಳೆಯುವಷ್ಟರಲ್ಲಿ ಹುಡುಗಿ ಒಳಗೆ ಹೋಗಿದ್ದಳು. ಓಹೋ, ಇವಳಿಗೆ ಬೇಕಾಗಿದ್ದುದು ಅಕ್ಕಿ ಮಾತ್ರ ಎಂದುಕೊಂಡಳು ರಾಚವ್ವ. ಮರುದಿನ ಮೊರ ಹಿಡಿದು ಕೂತು ಕಾದಳು. ಪಕ್ಕದ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಅದರ ಮರುದಿನ ಅವಳೂ ಒಳಗೇ ಕೂತು ಕಾಳು ಹಸನು ಮಾಡಿದಳು.

ಮಳೆಗಾಲವೆಲ್ಲ ಹೀಗೇ ಕಳೆಯಿತು. ಚಾಳಿನ ಹುಡುಗರು ಭಜಿ, ಸೇವು, ಜಿಲೇಬಿಗಳನ್ನು ರಾಜಾರೋಷವಾಗಿ ಒಯ್ದರು, ಕೇಳುವವರಿಲ್ಲ. ಕೆಳಗಿನ ಮಾಳಿಗೆಯ ಒಬ್ಬ ಮುದುಕ, ನಿಮ್ಮ ಮನೆಯವರಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಶಂಕ್ರೆಪ್ಪನನ್ನು ವಿಚಾರಿಸಿದ. ಶಂಕ್ರೆಪ್ಪ ಏನು ಹೇಳಿಯಾನು? ಹೆಂಡತಿ ಒಂದು ರೊಟ್ಟಿ ಮುರಿದು ಅರ್ಧ ಬಿಟ್ಟು ಏಳುವುದನ್ನು ಅವನೂ ನೋಡುತ್ತಿದ್ದ. ತಟ್ಟೆಯಲ್ಲಿ ಬಿಡುವುದೆಂದರೆ ಪಾಪ ಎನ್ನುತ್ತಿದ್ದವಳು ಅವಳು.

ದಸರೆ ಹತ್ತಿರ ಬಂದಾಗ ಶಂಕ್ರೆಪ್ಪ ಸುದ್ದಿ ತಂದ. ಮೆಟ್ಟಿಲಲ್ಲಿ ದೂಜ ಸಿಕ್ಕಿದ್ದನಂತೆ. ಅವನ ಮಾಲೀಕ ಕಾಂದಿವಲಿಯಲ್ಲಿ ಇನ್ನೊಂದು ಹೋಟೆಲು ತೆಗೆಯುತ್ತಿದ್ದಾನೆ, ದೂಜನನ್ನು ಅಲ್ಲಿಗೆ ಕರೆದಿದ್ದಾನೆ. ಹತ್ತಿರವೇ ಖೋಲಿಯನ್ನೂ ನೋಡಿದ್ದಾರೆ, ನಾಡಿದ್ದು ಸಾಮಾನು ಸಾಗಿಸುವುದು.

"ಆಕಿ ಏನಂದ್ಳಂತ?" ರಾಚವ್ವ ಒಲೆಯ ಕಡೆ ಮುಖ ಮಾಡಿಯೇ ಕೇಳಿದಳು.

"ಇಲ್ಲಿ ನಂದೇನೈತಿ, ಹೋಗೂಣು ಅಂದ್ಳಂತ."

ರಾಚವ್ವ ಹಾಕಿದ್ದ ರೊಟ್ಟಿ ಹೆಂಚಿನ ಮೇಲೆಯೇ ಕಪ್ಪಾಯಿತು. ತಿರುವಿ ಹಾಕಬೇಕೆಂಬುದು ಅವಳಿಗೆ ನೆನಪಾಗಲಿಲ್ಲ.

"ಹೋಗಿ ಮಾತಾಡಬಾರದೇನು?" ಎಂದ ಶಂಕ್ರೆಪ್ಪ.

"ಏನಂತ ಹೋಗ್ಲಿ? ಅಕ್ಕಿ ಇಲ್ಲ, ಜ್ವಾಳಿಲ್ಲ. ಏನು ನೆಪಾ ಹೇಳ್ಲಿ?"

"ನೆಪಾ ಇಲ್ದ ಹೋಗು."

ಶಂಕ್ರೆಪ್ಪ ಜನ್ಮದಲ್ಲಿ ಹೆಂಡತಿಗೆ ಕೊಟ್ಟ ಬುದ್ಧಿಮಾತು ಅದೊಂದೇ ಇರಬೇಕು. ರಾಚವ್ವ ರಾತ್ರಿಯೆಲ್ಲ ಮಗ್ಗಲು ಬದಲಿಸಿದಳು. ಬೆಳಗಾಯಿತು, ಅವನು ಲೋಕಲ್ ಹಿಡಿಯಲು ಹೋದ. ಅವಳು ಕೈ ಒರೆಸಿಕೊಂಡು, ಬರಿಗೈಯಲ್ಲಿ, ಪಕ್ಕದ ಬಾಗಿಲಿಗೆ ಹೋಗಿ ನಿಂತಳು.

ಒಳಗೆ ಎರಡು ಗಂಟು ಕಟ್ಟಿ ಇಟ್ಟಿತ್ತು. ರಾಜೀವಿ ಒಲೆಯ ಮುಂದೆ ಕೂತಿದ್ದಳು. ರಾಚವ್ವನನ್ನು ಕಂಡು ಗಡಬಡಿಸಿ ಎದ್ದು, ರೂಢಿಯಂತೆ ಗ್ಯಾಲರಿಗೆ ಬರಲು ಹೊರಟಳು.

"ಅಲ್ಲೇ ಇರು," ಎಂದು ರಾಚವ್ವ ಹೊಸ್ತಿಲು ದಾಟಿ ಒಳಗೆ ಹೋದಳು. ಹೋಗಿ, ಗೋಡೆಗೆ ಒರಗಿ ನೆಲದ ಮೇಲೆ ಕೂತೇ ಬಿಟ್ಟಳು. "ಹೊಂಟೀಯಂತ?"

"ಹೌದು ಅಕ್ಕ."

"ನನಗೊಂದು ಮಾತು ಹೇಳಬೇಕಂತ ಅನಸ್ಲಿಲ್ಲೇನು?"

ರಾಜೀವಿ ತಲೆ ತಗ್ಗಿಸಿದಳು. "ನಮ್ಮದು ಮೀನು ತಿನ್ನುವ ಮನೆ. ನೀವು ಹೇಗೋ ಸಹಿಸಿಕೊಂಡಿದ್ದದ್ದು ಜೋಳಕ್ಕೆ ಬೇಕಾಗಿಯೇ ಅಂತ ನಾನು ಗ್ರಹಿಸಿದೆ. ಅದು ಮುಗಿದ ಮೇಲೆ ನಾನು ಮತ್ತೆ ಬಂದು ಕೂತ್ರೆ ನಿಮಗೆ ಬೇಡ ಅನ್ಲಿಕ್ಕೆ ದಾಕ್ಷಿಣ್ಯ ಆಗ್ತದಲ್ಲ. ನಿಮ್ಮಲ್ಲಿ ಬೇಡ ಅನ್ನಿಸಿಕೊಳ್ಳುವ ಧೈರ್ಯ ನನಗಿರ್ಲಿಲ್ಲ ಅಕ್ಕ."

ಚಾಳನ್ನೆಲ್ಲ ಬೈದು ಆಳಿದವಳಿಗೆ ಒಂದು ಒಳ್ಳೆಯ ಮಾತು ಹೇಳಲು ಇಷ್ಟು ಕಷ್ಟವೇ ಎಂದು ರಾಚವ್ವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಖೋಡಿ," ಎಂದಳು. "ನಾಕು ತಿಂಗಳಾತು, ಉಂಡದ್ದು ಮೈಗೆ ಹತ್ತವಲ್ದು ನನಗ. ಜ್ವಾಳಾ ಬಾಜಾರದಾಗ ಸಿಗತೈತಿ. ನೀ ಎಲ್ಲಿ ಸಿಗತೀ?"

ರಾಜೀವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು.

"ಹಸಿವಾಗೈತಿ. ಒಂದೀಟು ಗಂಜಿ ಹಾಕು."

ಹುಡುಗಿ ಗಾಬರಿಯಾದಳು. "ಬೇಡ ಅಕ್ಕ! ಈ ಮನೆಯಲ್ಲಿ ಮೀನು ಬೇಯ್ತದೆ."

"ಗೊತ್ತೈತಿ ನಮ್ಮವ್ವ. ಈ ಚಾಳಿನ್ಯಾಗ ಮೂಗಿದ್ದವರಿಗೆಲ್ಲ ಗೊತ್ತೈತಿ. ಗಂಜಿಗಡಿಗಿ ಬ್ಯಾರೆ ಐತಿಲ್ಲೋ?"

"ಉಂಟು. ಗಂಜಿಗೆ ಬೇರೆಯೇ."

"ಮತ್ತ? ಹಾಕು ಅಂದ್ರ ಹಾಕು."

ರಾಜೀವಿ ಹಿತ್ತಾಳೆಯ ಬಟ್ಟಲನ್ನು ತೊಳೆದಳು, ಮತ್ತೆ ತೊಳೆದಳು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಬಟ್ಟಲು ಸವೆದು ಹೋದೀತೆಂದು ರಾಚವ್ವ ಗದರಿದ ಮೇಲೆಯೇ ನಿಲ್ಲಿಸಿದಳು. ಕೆಂಪು ಗಂಜಿ, ಬದಿಯಲ್ಲಿ ಒಂದು ಉಪ್ಪಿನಕಾಯಿ ಹೋಳು. ರಾಚವ್ವ ಶಿವನಾಮ ಹೇಳಿ, ಊದಿಕೊಂಡು ಉಂಡಳು. ಬಟ್ಟಲು ಬರಿದಾದ ಮೇಲೆ ಇನ್ನೊಮ್ಮೆ ಮುಂದೆ ಹಿಡಿದಳು. ರಾಜೀವಿ ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡನ್ನೂ ಮಾಡುತ್ತಿದ್ದಳು.

ಸಂಜೆ ದೂಜ ಬಂದಾಗ ಗಂಟುಗಳು ಬಿಚ್ಚಿದ್ದವು, ಪಾತ್ರೆಗಳು ಹಲಗೆಯ ಮೇಲಿದ್ದವು. ಗೋಡೆಯ ಈ ಕಡೆಯಲ್ಲಿ ರಾಚವ್ವ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ ಕಿವಿಯಾದಳು. ಅವರ ತುಳು ಅವಳಿಗೆ ಪೂರ್ತಿ ತಿಳಿಯದು. ದೂಜ ಏನೋ ಗೊಣಗಿದ. ದಾದರ್ ಎಂದ, ಗಾಡಿ ಬದಲಿಸಬೇಕೆಂದ, ಕಾಂದಿವಲಿ ಎಲ್ಲಿ ಘಾಟ್ಕೋಪರ್ ಎಲ್ಲಿ ಎಂದ. ರಾಜೀವಿ ಪಟ್ಟು ಬಿಡದೆ ಮಾತಾಡಿದಳು. ನಡುವೆ ಎರಡು ಸಲ "ರಾಚಕ್ಕ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ದೂಜ ಒಪ್ಪಿದವನಂತೆ ನಕ್ಕ.

ರಾಚವ್ವ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

"ಇಷ್ಟ್ಯಾಕ ಬಡಿಯಾಕತ್ತೀ?" ಎಂದ ಶಂಕ್ರೆಪ್ಪ, ಬುಟ್ಟಿಯಲ್ಲಿ ಏರುತ್ತಿದ್ದ ರೊಟ್ಟಿ ನೋಡಿ. "ಉಣ್ಣಾವರು ಇಬ್ಬರ ಅದೀವಿ."

"ಆ ದೂಜ ನಾಳೆಯಿಂದ ಅಷ್ಟು ದೂರ ಹೋಗಿ ಬರಬೇಕು," ಎಂದಳು ರಾಚವ್ವ, "ಹಾದ್ಯಾಗ ಹೊಟ್ಟಿಗೆ ಏನರೆ ಬ್ಯಾಡೇನು ಅವಗ?"