ಕಾವಿನ ಪೆಟ್ಟಿಗೆಗೆ ಮಡಿಪಂಚೆ

ಕೋಳಿಮೊಟ್ಟೆಗೆ ಮೂವತ್ತೇಳೂವರೆ ಡಿಗ್ರಿ ಕಾವು ಬೇಕು, ಒಂಚೂರು ಕಡಿಮೆಯಾದರೆ ಮರಿ ತಡವಾಗುತ್ತದೆ, ಹೆಚ್ಚಾದರೆ ಚಿಪ್ಪಿನೊಳಗೇ ಸಾಯುತ್ತದೆ ಎಂದು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಬೋರ್ಡಿನ ಮೇಲೆ ಬರೆದು ಪಾಠ ಮಾಡುವವಳು ನಾನೇ. ಮೊಟ್ಟೆ ಮುಟ್ಟದ ಮನೆಯ ಸೊಸೆಯೂ ನಾನೇ. ಪಾಠ ಬೇರೆ, ಮನೆ ಬೇರೆ ಎಂದುಕೊಂಡು ಆರಾಮವಾಗಿದ್ದೆ.

ಈ ವರ್ಷ ಮಕ್ಕಳು ಥರ್ಮಾಕೋಲ್ ಪೆಟ್ಟಿಗೆಗೆ ಬಲ್ಬು ಸಿಕ್ಕಿಸಿ, ಗಾಳಿಯಾಡಲು ತೂತು ಕೊರೆದು ಕಾವಿನ ಪೆಟ್ಟಿಗೆ ಮಾಡಿದ್ದರು. ಅದೇ ಹೊತ್ತಿಗೆ ನಮ್ಮ ಬಿಸಿಯೂಟದ ಅಡುಗೆಯಾಕೆಯ ಮನೆಯಲ್ಲಿ ಕಾವಿಗೆ ಕೂತಿದ್ದ ಹೇಂಟೆಯನ್ನು ನಾಯಿ ಹೊತ್ತೊಯ್ದಿತು. ಉಳಿದ ಕೋಳಿಗಳೆಲ್ಲ ಮೊದಲೇ ರೋಗಕ್ಕೆ ಹೋಗಿದ್ದವು. ಆಕೆ ಮೊಟ್ಟೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿ ಬಂದಳು.

"ಮೇಡಂ, ನಮ್ಮವ್ವ ಕೊಟ್ಟಿದ್ ಕೋಳಿ ಸಂತಾನ ಇನ್ನಿಷ್ಟೇಯ. ಎಂಗಾರ ಮಾಡಿ ಉಳಿಸ್ಕೊಡಿ."

"ನನಗೆ ಬಿಡು, ಯೋಚನೆ ಮಾಡಬೇಡ" ಎಂದೆ. ಎಷ್ಟು ಧೈರ್ಯ ನನಗೆ!

ಮರಿಯಾಗಲು ಇನ್ನೇನು ಕೆಲವೇ ದಿನ ಇರುವಾಗ, ಭಾನುವಾರ ಶಾಲೆಯ ಕಡೆ ಕರೆಂಟ್ ಇರುವುದಿಲ್ಲವೆಂದು ಗೊತ್ತಾಯಿತು. ಪೆಟ್ಟಿಗೆಯನ್ನು ಮನೆಗೆ ತಂದು ಮಹಡಿಯ ಕೋಣೆಯಲ್ಲಿಟ್ಟೆ. ಸ್ಕೂಲಿನ ಸಾಮಾನು ಎಂದಷ್ಟೇ ಅತ್ತೆಗೆ ಹೇಳಿದೆ. ಆ ಭಾನುವಾರವೇ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಅರಕಲಗೂಡಿನಿಂದ ನಾದಿನಿ, ಚನ್ನರಾಯಪಟ್ಟಣದಿಂದ ಚಿಕ್ಕತ್ತೆ ಬಂದಿದ್ದರು. ಚಿಕ್ಕತ್ತೆ ಸೀರೆ ಬದಲಿಸಲು ಮಹಡಿ ಹತ್ತಲು ಹೊರಟರು. ಅವರಿಗಿಂತ ಮುಂಚೆ ಓಡಿ, ಗಳದ ಮೇಲೆ ಒಣಗಿದ್ದ ಮಡಿಪಂಚೆ ಎಳೆದು ಪೆಟ್ಟಿಗೆಯ ಮೇಲೆ ಪೂರ್ತಿ ಹೊದಿಸಿದೆ. ಮಡಿಬಟ್ಟೆಯನ್ನು ಮಡಿಯಲ್ಲಿಲ್ಲದವರು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ.

"ಏನೇ ಇದು?" ಎಂದರು ಚಿಕ್ಕತ್ತೆ.

"ನೈವೇದ್ಯದ ಮೊಸರು, ಹೆಪ್ಪು ಹಾಕಿದ್ದೀನಿ. ಮುಟ್ಟಬೇಡಿ."

ಅವರು ಭಕ್ತಿಯಿಂದ ನಾಲ್ಕು ಹೆಜ್ಜೆ ದೂರ ನಿಂತರು. ಆಮೇಲೆ ಪೂಜೆ, ಕಥೆ, ಪಂಕ್ತಿಯ ಊಟ, ಬಡಿಸುವುದು, ಎಲೆ ಎತ್ತುವುದು. ನಡುವೆ ಒಮ್ಮೆ ಪೆಟ್ಟಿಗೆಯ ನೆನಪಾಯಿತು. ಮರೆತಿದ್ದೆ ಎಂದು ಸುಳ್ಳು ಹೇಳಲಾರೆ. ಆದರೆ ಮಹಡಿಯಲ್ಲಿ ನಾದಿನಿ, ಚಿಕ್ಕತ್ತೆ ಮಲಗಿದ್ದರು. ಅವರೆದುರಿಗೆ ಪಂಚೆ ಎತ್ತಲು ನನಗೆ ನಾಚಿಕೆಯಾಯಿತು.

ಎಲ್ಲರೂ ಬಸ್ಸು ಹತ್ತಿದ ಮೇಲೆ ಎತ್ತಿ ನೋಡಿದೆ. ತೂತುಗಳೆಲ್ಲ ಮುಚ್ಚಿಹೋಗಿ ಒಳಗಿನ ಥರ್ಮಾಮೀಟರ್ ನಲವತ್ತೆರಡು ತೋರಿಸುತ್ತಿತ್ತು. ಮುಚ್ಚಳ ತೆರೆದು ಕಾವು ಇಳಿಸಿದೆ. ಆ ವಾರ ಒಂದೇ ಒಂದು ಮರಿ ಹೊರಬಂತು. ಕಾಲು ಸೊಟ್ಟಗಿದ್ದ ಅದು ನಿಲ್ಲಲಾರದೆ ಮಾರನೆಯ ದಿನ ಹೋಯಿತು.

"ಕರೆಂಟ್ ಇಲ್ಲ ಅಂತ ನಮ್ಮನೆಗೆ ಒಯ್ದಿದ್ದೆ, ಕಾವು ಹೆಚ್ಚಾಗಿಬಿಟ್ಟಿತು" ಎಂದೆ ಅಡುಗೆಯಾಕೆಗೆ. ಯಾಕೆ ಹೆಚ್ಚಾಯಿತು ಎನ್ನಲಿಲ್ಲ. ಮುಖ ಎತ್ತಿ ನೋಡಲೂ ಇಲ್ಲ.

ಆಕೆ ಖಾಲಿ ಪೆಟ್ಟಿಗೆಯನ್ನು ನೋಡಿದಳು. ಕಣ್ಣೊರೆಸಿಕೊಂಡಳು.

"ಓಗ್ಲಿ ಬುಡಿ ಮೇಡಂ, ನೀವೇನ್ ಬೇಕಂತ ಮಾಡಿದ್ರಾ? ನಮ್ಮನೆ ಕೋಳಿಮೊಟ್ಟೇನ ನಿಮ್ಮಂತೋರು ಮನೆಯೊಳ್ಗೆ ಮಡಿಕಂಡಿದ್ರಲ್ಲ, ಅದೇ ದೊಡ್ಡದು. ಯಾರ್ ಮಡಿಕತ್ತಾರೆ ಏಳಿ? ನಮ್ಮೂರಲ್ಲಿ ಎಲ್ಲಾರ್ಗೂ ಏಳಿವ್ನಿ."

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಅದಕ್ಕೇನಂತೆ, ಬಿಡು" ಎಂದೆ.