ಕತ್ತಿ ಕೇಳುತ್ತಿದ್ದವರು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಪ್ರಾಯದಲ್ಲಿ ಕಡವು ದಾಟುವಾಗ ದೋಣಿಯ ಅಂಚಿಗೂ ದಡದ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಬಿದ್ದ ಉಗುರು ಮತ್ತೆ ಹುಟ್ಟಲಿಲ್ಲ. ಉಗುರಿದ್ದ ಜಾಗ ಬೇಯಿಸಿ ಸುಲಿದ ಹಲಸಿನ ಬೀಜದ ಹಾಗೆ ನುಣ್ಣಗೆ ಕಾಣುತ್ತಿತ್ತು. ಆ ಹೆಬ್ಬೆರಳನ್ನು ನಾನು ನಾಲ್ಕು ವರ್ಷ ನೋಡಿದೆ, ಹೆಚ್ಚಿನ ಹೊತ್ತು ಹೊಟ್ಟೆಕಿಚ್ಚಿನಿಂದಲೇ ನೋಡಿದೆ.

ನಾವಿಬ್ಬರೂ ಮಕ್ಕಳ ತೋಳಿಗೆ ಸಿಡುಬಿನ ದಾಕು ಹಾಕುವ ಕೆಲಸದವರು. ಮಳೆ ಬಿಟ್ಟ ಮೇಲೆ ಕುಂದಾಪುರದಿಂದ ಹೊರಟರೆ ಬೈಂದೂರು ದಾಟಿ ಶಿರೂರಿನ ತನಕ ಕಾಲ್ನಡಿಗೆಯ ಸರ್ಕೀಟು. ತಿಂಗಳುಗಟ್ಟಲೆ ಮನೆಯ ಮುಖ ಕಾಣುವ ಹಾಗಿಲ್ಲ. ಅವರಿಗೆ ಐವತ್ತು ದಾಟಿತ್ತು. ನನಗೆ ಇಪ್ಪತ್ತನಾಲ್ಕು, ಮದುವೆಯೂ ಆಗಿತ್ತು. ಆದರೂ ಅವರ ಬಾಯಲ್ಲಿ ನಾನು 'ಮಾಣಿ'. ಊರವರ ಬಾಯಲ್ಲಿ ಅವರು 'ದಾಕಿನವ್ರ್'. ನಾನೋ 'ದಾಕಿನವ್ರ ಒಟ್ಟಿಗ್ ಬಪ್ಪವ್ರ್'. ಕೆಲಸ ಇಬ್ಬರದ್ದೂ ಒಂದೇ, ಸೂಜಿಯೂ ಒಂದೇ, ಹೆಸರು ಮಾತ್ರ ಅವರೊಬ್ಬರದ್ದು.

ನೋಡಲು ಏನು ಭಾರಿ ಆಸಾಮಿ ಅಂದುಕೊಳ್ಳಬೇಡಿ. ಗಿಡ್ಡ, ಸೊಟ್ಟ ಕಾಲು, ಒಡಕು ದನಿ. ಮದರಾಸಿನಿಂದ ಬರುತ್ತಿದ್ದ ಮದ್ದಿನ ನಳಿಗೆಯ ಮೇಲಿನ ಇಂಗ್ಲಿಷು ಓದಲು ನಾನೇ ಬೇಕು, ರಿಜಿಸ್ಟರು ಬರೆಯಲೂ ನಾನೇ ಬೇಕು. ಆದರೆ ಅವರು ಅಂಗಳಕ್ಕೆ ಕಾಲಿಟ್ಟರೆ ಬೆಲ್ಲ ನೀರು ತಾನಾಗಿ ಬರುತ್ತಿತ್ತು. ತೋಳಿಗೆ ಚುಚ್ಚುವ ಮನುಷ್ಯನ ತೊಡೆಯ ಮೇಲೆಯೇ ಮಕ್ಕಳು ಹತ್ತಿ ಕೂರುತ್ತಿದ್ದವು. ನಾನು ಸೂಜಿ ತೆಗೆಯುವ ಮೊದಲೇ, ಬರಿದೇ ಕೊಡೆ ಮಡಚಿದ್ದಕ್ಕೆ, ಊರು ಒಂದಾಗುವ ಹಾಗೆ ಅಳುತ್ತಿದ್ದವು. ಪರವೂರಿನ ಕಥೆ ಹಾಗಿರಲಿ. ಸಾಲಿಗ್ರಾಮದ ನನ್ನ ಮನೆಗೆ ಅವರು ಒಮ್ಮೆ ಬಂದು ಊಟ ಮಾಡಿ ಹೋದದ್ದಷ್ಟೆ. ಅದರ ಮುಂದಿನ ಸಲ ನಾನು ತಿಂಗಳ ಮೇಲೆ ಮನೆ ಸೇರಿದರೆ, ಹೆತ್ತ ತಾಯಿ ನನ್ನ ಹಿಂದೆ ಇಣುಕಿ ನೋಡಿ ಕೇಳಿದಳು: "ಅವ್ರ್ ಬರ್ಲಿಲ್ಯಾ?"

ಯುದ್ಧ ಮುಗಿದ ವರ್ಷ, ಬೊಂಬಾಯಿಯಲ್ಲಿ ಹಡಗಿನ ಸಾಮಾನು ಇಳಿಸುವ ಕೆಲಸದಲ್ಲಿದ್ದ ನನ್ನ ಭಾವ ಊರಿಗೆ ಬಂದಾಗ ಒಂದು ಮಡಚುವ ಚೂರಿ ತಂದುಕೊಟ್ಟ. ಅಂಗೈಯಗಲದ ಉಕ್ಕಿನ ತುಂಡು. ಅದರ ಹೊಟ್ಟೆಯೊಳಗೆ ದೊಡ್ಡ ಅಲಗು, ಸಣ್ಣ ಅಲಗು, ಕತ್ತರಿ, ಗರಗಸ, ದಬ್ಬಣ, ತಿರುಪು ಬಿಚ್ಚುವ ಉಳಿ, ಡಬ್ಬ ತೆರೆಯುವ ಕೊಕ್ಕೆ. ಒಟ್ಟು ಏಳು ಬಾಯಿ. ಒಂದೊಂದರ ಬೆನ್ನಿಗೂ ಹೆಬ್ಬೆರಳ ಉಗುರು ಸಿಕ್ಕಿಸಿ ಎಳೆಯಲು ಸಣ್ಣ ಗೀರು. ಅಂಥ ವಸ್ತು ಇಡೀ ಕುಂದಾಪುರದಲ್ಲಿ ಇನ್ನೊಬ್ಬರ ಹತ್ತಿರ ಇರಲಾರದು ಎಂದು ನನಗೆ ಖಾತ್ರಿಯಿತ್ತು. ದಾಕಿನವರ ಹತ್ತಿರವಂತೂ ಇರಲಿಲ್ಲ.

ಅವರ ಹತ್ತಿರ ಏನೂ ಇರಲಿಲ್ಲ ಎಂದರೂ ಸರಿಯೇ. ಮದ್ದಿನ ನಳಿಗೆ ಕೆಡದಂತೆ ಒದ್ದೆ ಬಟ್ಟೆ ಸುತ್ತಿದ ಬಿದಿರಿನ ಅಂಡೆ, ಸೂಜಿ, ರಿಜಿಸ್ಟರು, ಒಂದು ಪಂಚೆ, ಹೆಗಲಿಗೆ ಒಂದು ಬೈರಾಸು, ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ. ಅಡಿಕೆ ಹೋಳು ಮಾಡಲು ಒಂದು ಬಿಲ್ಲೆಯಷ್ಟು ಕತ್ತಿಯೂ ಇಲ್ಲ. ವೀಳ್ಯದೆಲೆಯ ತುದಿ ಚಿವುಟಲು ಉಗುರೂ ಇಲ್ಲ. ಹಾಗಾಗಿ ಪ್ರತಿ ಮನೆಯೆದುರೂ ಅದೇ ಕೂಗು: "ಹ್ವಾಯ್, ಒಂದ್ ಕತ್ತಿ ಕೊಡ್ತ್ರ್ಯಾ? ಒಂದ್ ಅಡ್ಕಿ ಕೊಯ್ಕಂತೆ." ದಿನಕ್ಕೆ ಹದಿನೈದು ಮನೆಯಾದರೆ ಹದಿನೈದು ಸಲ. ಕೊಯ್ದು ಮಡಚಿದ ಎಲೆಯನ್ನು ಹೆಚ್ಚಿನ ಸಲ ಆ ಮನೆಯ ಅಜ್ಜಿಗೇ ಕೊಟ್ಟುಬಿಡುತ್ತಿದ್ದರು. ಉಳಿದದ್ದನ್ನು ದಾರಿಯಲ್ಲಿ ಹಾಕಿಕೊಳ್ಳುತ್ತಾರೆ ಎಂದು ನಾನು ತಿಳಿದಿದ್ದೆ. ಸರಕಾರಿ ಮನುಷ್ಯ ಹೀಗೆ ಮನೆಮನೆ ಬೇಡುವುದು ನನಗೆ ನಾಚಿಕೆಗೇಡು ಅನಿಸುತ್ತಿತ್ತು. ಇಷ್ಟು ಎಲೆ ಹಾಕಿಯೂ ಅವರ ಹಲ್ಲು ಕೆಂಪಾಗದಿದ್ದುದು ಕಂಡು ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

ಆ ವರ್ಷ ಸರ್ಕೀಟಿಗೆ ಹೊರಡುವ ಹಿಂದಿನ ದಿನ ಚೂರಿಯನ್ನು ಅವರಿಗೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದರು. ಹೆಬ್ಬೆರಳಿನಿಂದ ಒಂದು ಬಾಯಿ ತೆರೆಯಲು ಹೋದರು. ಉಗುರಿಲ್ಲದ ಬೆರಳು ಉಕ್ಕಿನ ಮೇಲೆ ಸರ್ರನೆ ಜಾರಿತು.

"ಇದ್ರ್ ಬಾಯ್ ಬಿಡ್ಸೂಕ್ ನನ್ನ್ ಕೈಯಗ್ ಆಪ್ದಿಲ್ಲೆ ಮಾಣಿ," ಎಂದು ನಗುತ್ತ ಹಿಂದೆ ಕೊಟ್ಟರು. ಆಮೇಲೆ, "ಲಾಯ್ಕಿತ್ತ್. ಆರೆ ದಾರಿಗ್ ತರ್ಬೇಡ. ಮನೆಲೇ ಇಟ್ಟಿಕ್ ಬಾ," ಎಂದರು.

ನನಗೆ ಆದ ಸಂತೋಷ ಹೇಳತೀರದು. ಕೊನೆಗೂ ನನ್ನಲ್ಲಿರುವ ಒಂದು ವಸ್ತುವಿಗೆ ಅವರು ಕರುಬಿದರು! ತಾನು ತೆರೆಯಲಾಗದ್ದನ್ನು ಇನ್ನೊಬ್ಬ ಟಕ್ಕನೆ ತೆರೆಯುವುದು ಯಾರಿಗೆ ತಾನೆ ಸಹಿಸೀತು? ಸಂಜೆ ಚೀಲ ಕಟ್ಟುವಾಗ ಎರಡು ಸಲ ಚೂರಿಯನ್ನು ಹೊರಗಿಟ್ಟೆ, ಎರಡು ಸಲ ಒಳಗಿಟ್ಟೆ. ದೂರ ನಡೆಯುವವನಿಗೆ ಒಂದು ಹಿಡಿ ಅಕ್ಕಿಯೂ ಭಾರವೇ ಎಂಬುದು ನಿಜ. ಆದರೆ ಮುಳ್ಳು ನೆಟ್ಟರೆ, ಚಪ್ಪಲಿಯ ಬಾರು ಕಿತ್ತರೆ, ಯಾರ ಹಂಗೂ ಬೇಡವಲ್ಲ. ಕಡೆಗೆ ಅಂಗಿಯ ಕಿಸೆಗೇ ಹಾಕಿಕೊಂಡೆ.

ಬಿಜೂರಿನಲ್ಲಿ ಗದ್ದೆಯ ಬದಿಗೆ ಒಂದು ಮನೆ. ಗಂಡ ಬೊಂಬಾಯಿಯ ಹೋಟೆಲಿನಲ್ಲಿ, ಹೆಂಡತಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರಿನಲ್ಲಿ. ಅವಳ ಚೊಚ್ಚಲ ಕೂಸು ದಾಕು ಹಾಕಿಸಿದ ವಾರದಲ್ಲೇ ಯಾವುದೋ ಜ್ವರ ಬಂದು ತೀರಿಹೋಗಿತ್ತು. ಅಂದಿನಿಂದ ದಾಕು ಹಾಕುವವರು ಬೇಲಿಯ ದಣಪೆ ದಾಟಿ ಅಂಗಳಕ್ಕೆ ಬರುವ ಹಾಗಿರಲಿಲ್ಲ. ಹಿಂದಿನ ಎರಡು ವರ್ಷವೂ ಆ ಮಕ್ಕಳನ್ನು ಬಿಟ್ಟೇ ಹೋಗಿದ್ದೆವು. ಈ ಸಲ ದಾಕಿನವರು ದಾಕಿನ ಮಾತೇ ಎತ್ತದೆ ದಣಪೆಯ ಹೊರಗೆ ನಿಂತು ಕತ್ತಿ ಕೇಳಿದರು. ಆಮೇಲೆ ಅವಳು ಅಡಿಗೆ ಮನೆಯಿಂದ ಕತ್ತಿ ಹಿಡಿದು ಜಗಲಿಗೆ ಬಂದಳು. ಅವಳ ಹಿಂದೆ ಎರಡು ಮುಖಗಳು.

ಆಗ ನನ್ನ ಬುದ್ಧಿಗೆ ಮಂಕು ಕವಿಯಿತು. "ಕತ್ತಿ ಬ್ಯಾಡ ಅಕ್ಕ, ನಮ್ಮತ್ರವೇ ಇತ್ತ್!" ಎಂದು ಕಿಸೆಯಿಂದ ಚೂರಿ ತೆಗೆದು ದೊಡ್ಡ ಅಲಗನ್ನು ಟಕ್ಕೆಂದು ಬಿಡಿಸಿದೆ. ಅದು ಬಿಸಿಲಿಗೆ ಮಿಂಚಿತು. ಮಕ್ಕಳು ಕಿಟಾರನೆ ಕಿರುಚಿ ಒಳಗೋಡಿದವು.

"ಇತ್ತಲ್ದಾ? ಹಂಗಾರೆ ನೀವೇ ಕೊಯ್ಕಣಿ," ಎಂದಳು ಅವಳು. ಬಾಗಿಲು ಹಾಕಿಕೊಂಡಿತು.

ಗದ್ದೆಯ ಅಂಚಿನ ಮೇಲೆ ಅವರು ಮುಂದೆ ನಡೆದರು, ನಾನು ಹಿಂದೆ. ಒಂದು ಮೋರಿಯ ಕಟ್ಟೆಯ ಮೇಲೆ ಕೂತ ಮೇಲೆ, ಬೈಯದೆ, ಲೆಕ್ಕ ಹೇಳಿಕೊಡುವ ಮಾಸ್ತರರ ಹಾಗೆ ಹೇಳಿದರು:

"ಕತ್ತಿ ಕೈಂದ ಕೈಗ್ ಕೊಡೂಕಾಗ, ಜಗ್ಳ ಆತ್ತ್ ಅಂಬ್ರಲೆ? ಅದ್ಕೆ ಅವ್ಳ್ ಕತ್ತಿ ತಂದ್ ಜಗ್ಲಿಲಿ ಇಡ್ಕ್. ಹಂಗಾಗಿ ಒಂದ್ ಸಲ ಹೊರ್ಗ್ ಬತ್ಲ್. ನಾನ್ ಕೊಯ್ಕಂಡ್ ಅಲ್ಲೇ ಇಡ್ತೆ. ಅದನ್ ಹೆಕ್ಕೂಕ್ ಇನ್ನೊಂದ್ ಸಲ ಬತ್ಲ್. ಸುರೂವಿಗ್ ಬಪ್ಪತಿಗೆ ಹೆದ್ರಿಕಿ ಇರತ್ತ್. ಎರ್ಡ್ನೇ ಸಲ ಮಕ್ಕಳೂ ಸೆರ್ಗ್ ಹಿಡ್ಕಂಡ್ ಬತ್ತೊ. ನಂಗ್ ಅಷ್ಟೇ ಸಾಕಿತ್ತ್ ಮಾಣಿ."

ಮರುದಿನ ನನ್ನನ್ನು ಕಿರಿಮಂಜೇಶ್ವರಕ್ಕೆ ಅಟ್ಟಿ, ತಾವು ಒಬ್ಬರೇ ಬಿಜೂರಿಗೆ ಹಿಂದೆ ನಡೆದರು. ಸಂಜೆ ಬಂದು ನನ್ನೆದುರು ಕೂತು ಎರಡು ಹೆಸರು ಹೇಳಿದರು, ರಿಜಿಸ್ಟರಿನಲ್ಲಿ ಬರೆಯಲು. ಆ ಮನೆಯ ಇಬ್ಬರು ಮಕ್ಕಳದ್ದು.

"ಎಂತ ಮಾಡಿದ್ರಿ?" ಎಂದೆ, ಹಲ್ಲು ಕಚ್ಚಿಕೊಂಡು.

"ಕತ್ತಿ ಕೇಂಡೆ."

ಮಕ್ಕಳಿಗೆ ದಾಕು ಬಿತ್ತಲ್ಲ ಎಂದು ನಾನು ಸಂತೋಷಪಡಬೇಕಿತ್ತು. ಪಡಲಿಲ್ಲ. ಹೆಸರು ಬರೆಯುವಾಗ ನಿಬ್ಬು ಒತ್ತಿ ಒತ್ತಿ ಕಾಗದ ಹರಿಯಿತು.

ಹಟಕ್ಕೆ ಬಿದ್ದು ಆ ಚೂರಿಯನ್ನು ಮುಂದೆಯೂ ಹೊತ್ತೆ. ಮರುವರ್ಷದಿಂದ ನನಗೆ, ಅವರು ಪ್ರಾಯದಲ್ಲಿ ತಿರುಗಿದ್ದ ಬ್ರಹ್ಮಾವರದ ಕಡೆಯ ಊರುಗಳು, ಅವರಿಗೆ ಬೈಂದೂರಿನ ಕಡೆ ಎಂದು ಬೇರೆಬೇರೆ ಆಯಿತು. ಚೂರಿಯನ್ನು ಸುಮ್ಮನೆ ದೂರುವುದಿಲ್ಲ. ದಬ್ಬಣ ಚಪ್ಪಲಿ ಹೊಲಿಯಿತು, ಉಳಿ ಒಬ್ಬ ಮಾಸ್ತರರ ಕನ್ನಡಕದ ತಿರುಪು ಬಿಗಿಯಿತು. ಉಳಿದ ಬಾಯಿಗಳಿಗೆ ಹೆಚ್ಚು ಕೆಲಸ ಸಿಗಲಿಲ್ಲ. ಡಬ್ಬ ತೆರೆಯುವ ಕೊಕ್ಕೆಯಂತೂ ಡಬ್ಬದ ಮುಖವನ್ನೇ ಕಾಣಲಿಲ್ಲ. ಯಾರ ಮನೆಯಲ್ಲೂ ನಾನು ಏನನ್ನೂ ಕೇಳಬೇಕಾಗಿ ಬರಲಿಲ್ಲ. ಎರಡು ವರ್ಷ ತಿರುಗಿದರೂ ನನ್ನ ಮುಖ ಯಾರಿಗೂ ನೆನಪಿರಲಿಲ್ಲ. ಹೋದಲ್ಲೆಲ್ಲ, "ಮುಂಚಿನ ದಾಕಿನವ್ರ್ ಹ್ಯಾಂಗಿದ್ರ್?" ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾರೆ ಎನ್ನುವಾಗ ನನ್ನ ನಾಲಿಗೆ ಕಹಿಯಾಗುತ್ತಿತ್ತು.

ಸ್ವಾತಂತ್ರ್ಯ ಬಂದ ಮರು ಬೇಸಗೆಯಲ್ಲಿ ಅವರು ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟರು. ಸುದ್ದಿ ತಿಳಿದು ನಾನು ಹೋಗುವಾಗ ಎಲ್ಲ ಮುಗಿದಿತ್ತು. ಸರಕಾರಿ ಸಾಮಾನು ಒಪ್ಪಿಸಬೇಕಲ್ಲ, ಅವರ ಹೆಂಡತಿ ಚೀಲವನ್ನು ನನ್ನೆದುರು ತಂದಿಟ್ಟರು. ಅಂಡೆ, ಸೂಜಿ, ರಿಜಿಸ್ಟರು. ಅಡಿಯಲ್ಲಿ ಎಲೆ ಅಡಿಕೆಯ ಸಂಚಿ. ಅದರೊಳಗೆ ಆರೇಳು ಇಡೀ ಅಡಿಕೆ, ಒಂದೂ ಹೋಳು ಮಾಡಿದ್ದಲ್ಲ.

"ಇದ್ ನೀವೇ ಇಟ್ಕಣಿ ಅಮ್ಮ. ಅವ್ರಿಗ್ ಎಲಿ ಅಂದ್ರೆ ಜೀವ ಅಲ್ದಾ?" ಎಂದೆ.

ಆಕೆ ನನ್ನನ್ನೇ ನೋಡಿದರು. "ಯಾರಿಗೆ? ಅವ್ರ್ ಮನೆಲಿ ಒಂದ್ ದಿನವೂ ಎಲಿ ಹಾಕ್ದವ್ರಲ್ಲ ಮಾಣಿ. ಅಡ್ಕಿ ತಿಂದ್ರೆ ಅವ್ರಿಗ್ ತಲಿ ತಿರ್ಗೂದ್."

ನಾನು ಆ ಅಡಿಕೆಗಳನ್ನು ಅಂಗೈಗೆ ಸುರಿದುಕೊಂಡು ನೋಡಿದೆ. ಉಗುರಿಲ್ಲದ್ದಕ್ಕೆ ಕರುಬಿದರು ಎಂದು ಬಗೆದಿದ್ದೆನಲ್ಲ, ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುವಂತಾಯಿತು. ಏಳುವಾಗ ಆಕೆಯನ್ನು ಕೇಳಿ ಒಂದು ಅಡಿಕೆ ತೆಗೆದುಕೊಂಡೆ.

ಹದಿನೈದು ದಿನವೂ ಕಳೆದಿರಲಿಲ್ಲ, ಶಿರೂರಿನಲ್ಲಿ ಸಿಡುಬು ಕಾಣಿಸಿತು. ಅವರ ಊರುಗಳೆಲ್ಲ ನನ್ನ ತಲೆಗೆ ಬಂದವು. ಬಿಜೂರಿನ ಆ ಮನೆಯಲ್ಲಿ ಎಂಟು ತಿಂಗಳ ಕೂಸು ಇದೆ, ದಾಕು ಆಗಿಲ್ಲ ಎಂದು ತಿಳಿಯಿತು. ಬೇನೆ ದಾರಿಯಲ್ಲಿತ್ತು. ಅವಳು ಈ ಸಲವೂ ಬಾಗಿಲು ಹಾಕಿಕೊಂಡರೆ ಆ ಕೂಸಿನ ಗತಿ ದೇವರಿಗೇ ಗೊತ್ತು. ದಣಪೆಯ ಹತ್ತಿರ ಹೋಗಿ ನಿಂತೆ. ಕಿಸೆಯಲ್ಲಿ ಏಳು ಬಾಯಿಯ ಚೂರಿ ಇತ್ತು. ಕೈಯಲ್ಲಿ ಅವರ ಅಡಿಕೆ.

"ಹ್ವಾಯ್," ಎಂದೆ. ದನಿ ನನ್ನದಲ್ಲ ಅನಿಸಿತು. "ಒಂದ್ ಕತ್ತಿ ಕೊಡ್ತ್ರ್ಯಾ? ಅಡ್ಕಿ ಕೊಯ್ಕಂತೆ."

ಬಾಗಿಲು ತೆರೆಯಿತು. ಅವಳು ನನ್ನ ಮುಖವನ್ನು ನೋಡಿದಳು, ನನ್ನ ಹಿಂದೆ ದಾರಿಯನ್ನು ನೋಡಿದಳು. ಗುರುತು ಹತ್ತಿತು ಅಂತ ಕಾಣುತ್ತದೆ. ಒಳಗೆ ಹೋಗಿ ಕತ್ತಿ ತಂದು ಜಗಲಿಯ ಅಂಚಿಗೆ ಇಟ್ಟಳು.

"ಅವ್ರ್ ಕಳ್ಸಿದ್ದಾ?"

ಸತ್ತ ಮೇಲೂ ಬಾಗಿಲು ತೆರೆದದ್ದು ಅವರಿಗೇ. ಆಗಲೂ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ಆದರೆ, "ಹೌದ್ ಅಕ್ಕ, ಅವ್ರೇ ಕಳ್ಸಿದ್ದ್," ಎಂದೆ. ಅಡಿಕೆ ಹೋಳು ಮಾಡಿ ಕತ್ತಿಯನ್ನು ಇದ್ದಲ್ಲೇ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಅದನ್ನು ಎತ್ತಿಕೊಳ್ಳಲು ಅವಳು ಎರಡನೇ ಸಲ ಬರುವಾಗ ಸೊಂಟದಲ್ಲಿ ಕೂಸು ಇತ್ತು.

ಕೂಸು ಅತ್ತಿತು, ಬಿಡಿ. ನನ್ನ ಕೈ ಅವರ ಕೈಯಲ್ಲವಲ್ಲ. ದಾಕು ಹಾಕಿ ಮುಗಿದ ಮೇಲೆ, ಅವರು ಹೋದ ಸುದ್ದಿ ಹೇಳಿದೆ. ಅವಳು ಜಗಲಿಯ ಮೇಲೆ ಕುಸಿದು ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಹಂಗಾರೆ ಬಪ್ಪ ವರ್ಷ ಕತ್ತಿ ಕೇಂಬುಕ್ ನೀವೇ ಬತ್ರ್ಯಾ?"

"ಬತ್ತೆ," ಎಂದೆ.

ಮುಂದಿನ ಸರ್ಕೀಟಿಗೆ ಹೊರಡುವಾಗ ಚೂರಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಕೆಲಸ ಬಿಡುವ ತನಕ ಮತ್ತೆ ಹೊರಗೆ ತೆಗೆಯಲಿಲ್ಲ.